ಟೂರಿಂಗ್ ಬೈಕಿಗೆ ಬಿಗ್ ಬೋರ್ ಕಿಟ್ ಹಾಕಿಸುವ ಮುನ್ನ ಏನೇನು ಯೋಚಿಸಬೇಕು?

ಬಿಗ್ ಬೋರ್ ಕಿಟ್ ಎಂದರೆ ಎಂಜಿನ್ನಿನ ಸಿಲಿಂಡರು, ಪಿಸ್ಟನ್ನುಗಳನ್ನು ಹೆಚ್ಚು ಅಗಲವಾಗಿಸುವ ಬಿಡಿಭಾಗಗಳ ಕಟ್ಟು. ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಚಲಿಸುವ ದೂರ) ಬದಲಾಗದೆ ಬೋರ್ (ಸಿಲಿಂಡರಿನ ಒಳವ್ಯಾಸ) ಮಾತ್ರ 100 ಮಿ.ಮೀ.ನಿಂದ 108 ಮಿ.ಮೀ.ಗೆ ಏರಿದರೆ ಎಂಜಿನ್ನಿನ ಸಿಸಿ ಸುಮಾರು ಶೇ. 17ರಷ್ಟು ಹೆಚ್ಚುತ್ತದೆ. ಸಿಲಿಂಡರಿನ ಮೇಲೆ ಕೂರುವ ಹೆಡ್ಡನ್ನೂ ಪಿಸ್ಟನ್ನಿನ ಮೇಲ್ಭಾಗದ ಆಕಾರವನ್ನೂ ಹಾಗೆಯೇ ಉಳಿಸಿಕೊಂಡರೆ ಕಂಪ್ರೆಷನ್ ಅನುಪಾತವೂ (ಗಾಳಿ-ಇಂಧನದ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಲೆಕ್ಕ) ಏರುವುದರಿಂದ, ಲಗೇಜು ಹೇರಿಕೊಂಡು ಬಿಸಿಲಿನಲ್ಲಿ ಏರುದಾರಿ ಹತ್ತುವಾಗ ನಾಕಿಂಗ್ (ಮಿಶ್ರಣ ಹದತಪ್ಪಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಶುರುವಾಗಬಹುದು. ಆದ್ದರಿಂದ ಪಿಸ್ಟನ್, ಕ್ಯಾಮ್ (ವಾಲ್ವುಗಳನ್ನು ತೆರೆಯುವ ಭಾಗ), ಇಂಧನದ ಮ್ಯಾಪ್ (ಯಾವಾಗ ಎಷ್ಟು ಇಂಧನ ಎಂಬ ಎಂಜಿನ್ ಕಂಪ್ಯೂಟರಿನ ಪಟ್ಟಿ) ಮೂರನ್ನೂ ಒಟ್ಟಿಗೇ ನಿರ್ಧರಿಸಬೇಕು. ದೂರ ಪ್ರಯಾಣಕ್ಕೆ ಬೇಕಾದುದು ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಟಾರ್ಕ್ (ತಿರುಗಿಸುವ ಬಲ) ಎಂಬುದು ನನ್ನ ದೃಢವಾದ ಅಭಿಪ್ರಾಯ, ಹಾಗಾಗಿ ಸೌಮ್ಯವಾದ ಕ್ಯಾಮ್ ಆರಿಸಿಕೊಳ್ಳಿ. ಹೆಚ್ಚಿದ ಟಾರ್ಕನ್ನು ಈಗಿನ ಕ್ಲಚ್ ತಡೆಯುತ್ತದೆಯೇ ಎಂಬುದನ್ನೂ ವಿಚಾರಿಸಿ.

ಜೋಡಣೆಯ ಹೊತ್ತಿನಲ್ಲಿ ಪಿಸ್ಟನ್ನಿನ ಸುತ್ತ ಕೂರುವ, ಒಂದೆಡೆ ಸೀಳಿರುವ ರಿಂಗನ್ನು ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನಿಂದ ಸಮವಾಗಿ ಕೆಳಗೆ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳ ಅಳತೆ ಸಾಧನ) ಅಳೆಯಲೇಬೇಕು: ಸಂದು ತೀರಾ ಕಿರಿದಾಗಿದ್ದರೆ, ಕಾದು ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿಕೊಂಡು ಸಿಲಿಂಡರಿನ ಗೋಡೆಯನ್ನೇ ಗೀರಿಬಿಡುತ್ತವೆ.