ಪ್ರೊಜೆಸ್ಟರಾನ್ (ಗರ್ಭ ನಿಲ್ಲಾಕ ಬೇಕಾದ ಹಾರ್ಮೋನ್) ಗುಳಿಗಿ ನುಂಗಿದ್ರ ನಡೆಯಂಗಿಲ್ಲೇನ್ರಿ? ಯೋನಿಯೊಳಗ ಯಾಕ ಇಟ್ಕೋಬೇಕು?

ಹುಬ್ಬಳ್ಳಿ ಕೊಪ್ಪೀಕರ ರೋಡಿನ ಔಷಧಿ ಅಂಗಡ್ಯಾಗ ನಾಲ್ಕು ಮಂದಿ ಮುಂದ ಇದನ್ನ ಕೇಳೋದು ಕಷ್ಟನ ಬಿಡ್ರಿ. ನುಂಗಿದ ಪ್ರೊಜೆಸ್ಟರಾನ್ ಮೊದಲು ಲಿವರ್‌ಗೆ ಹೋಗ್ತದ. ಅಲ್ಲೇ ಬಹುಪಾಲು ಒಡೆದುಹೋಗ್ತದ. ಮ್ಯಾಲ ತಲಿ ತಿರುಗೋದು, ನಿದ್ದಿ ಮಂಪರು ಬ್ಯಾರೆ. ಕೆಳಗ ಇಟ್ರ ಲಿವರ್ ದಾರಿ ತಪ್ಪಿಸಿ ಪಕ್ಕದ ಗರ್ಭಕೋಶಕ್ಕ ಸೇರ್ತದ. ರಕ್ತಪರೀಕ್ಷೆಯೊಳಗ ಪ್ರಮಾಣ ಕಡಿಮಿ ಕಂಡ್ರೂ ಗರ್ಭಕೋಶದ ಒಳಪದರದಾಗ ಸಾಕಷ್ಟು ಇರ್ತದ, ಬೇಕಾಗಿರೋದೂ ಅಲ್ಲೇ.

ರಾತ್ರಿ ಮಲಗೋ ಮುಂದ ಕೈ ತೊಳಕೊಂಡು, ಮೊಣಕಾಲು ಮಡಚಿ ಮಲಗಿ, ಬೆರಳಿಂದ ಆದಷ್ಟು ಒಳಗ ಸರಿಸ್ರಿ. ಮುಂಜಾನೆ ಎಣ್ಣಿಯಂಥ ಜಿಡ್ಡು ಸೋರಿದ್ರ ಗಾಬರಿ ಬ್ಯಾಡ; ಅದು ಮೆತ್ತನ ಗುಳಿಗಿಯೊಳಗಿನ ಎಣ್ಣಿ. ಪ್ಯಾಡ್ ಸಾಕು, ಟ್ಯಾಂಪನ್ ಬ್ಯಾಡ. ರಕ್ತ ಕಂಡ್ರ ಮಾತ್ರ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡ್ರಿ, ಗುಳಿಗಿ ನೀವಾಗಿ ನಿಲ್ಲಿಸಬ್ಯಾಡ್ರಿ.