ಎರಡನೇ ಭೂಮಿ ಲೇಖನ ಪೂರ್ತಿ ಓದಿದೆ, ಈಗ ಖರೇ ಮಾತು ಹೇಳ್ತೀನಿ

ನಮಸ್ಕಾರ್ರಿ. ನೀವು ಶಹಾಪುರದಿಂದ ಕಳಿಸಿದ 'ಎರಡನೇ ಭೂಮಿ ಸಿಕ್ಕಿತು' ಲೇಖನ ಓದಿದೆ. ಈಗಿದ್ದಂಗ ನಮ್ಮ ಪತ್ರಿಕಿದಾಗ ಹಾಕ್ಲಿಕ್ಕ ಆಗಂಗಿಲ್ಲ. ಆದ್ರ ವಾಪಸ್ ಕಳಿಸಿ ಸುಮ್ನ ಕೂಡ್ಲಿಕ್ಕೂ ಮನಸ್ಸಿಲ್ಲ, ಯಾಕಂದ್ರ ಎರಡನೇ ಪುಟದಾಗ ಒಂದು ಜಾಗ ಅದ, ಮಾಳಿಗಿ ಮ್ಯಾಲ ಮಲಗಿದಾಗ ನೀವು ನಿಮ್ಮ ಅಜ್ಜಗ ಬ್ಯಾರೆ ಗ್ರಹದ ಸುದ್ದಿ ಹೇಳ್ತೀರಿ, ಅವರು ಎಲ್ಲಾ ಕೇಳಿ "ಅಲ್ಲಿ ಮಳಿ ಆಗ್ತದೇನು?" ಅಂತಾರ. ಇಡೀ ಲೇಖನದಾಗ ಇದಕ್ಕಿಂತ ಚೊಲೋ ಪ್ರಶ್ನೆ ಇಲ್ಲ. ನೀವು ಉತ್ತರಾನೇ ಕೊಡದೆ ಮುಂದಿನ ಪ್ಯಾರಾದಾಗ ರಾಕೆಟ್ ವಿಷಯ ಶುರು ಮಾಡೀರಿ.

ಮೊದಲನೇ ಸಾಲು ತಗೋರಿ. "ಕೆಪ್ಲರ್-452ಬಿ ಗ್ರಹದಲ್ಲಿ ನದಿ, ಕಾಡು, ಸಮುದ್ರಗಳಿವೆ ಎಂದು ವಿಜ್ಞಾನಿಗಳು ಪತ್ತೆ ಹಚ್ಚಿದ್ದಾರೆ." ಯಾರೂ ಹಚ್ಚಿಲ್ರಿ. 2015ರಾಗ ಅವರು ಹೇಳಿದ್ದು ಇಷ್ಟು: ನಮ್ಮ ಸೂರ್ಯನಂಥದೇ ಒಂದು ನಕ್ಷತ್ರ ಅದ, ಅದರ ಬೆಳಕು 385 ದಿನಕ್ಕೊಮ್ಮೆ ಒಂಚೂರು ಕಮ್ಮಿ ಆಗ್ತದ, ಅಂದ್ರ ಏನೋ ಅಡ್ಡ ಹಾದು ಹೋಗ್ತದ, ಎಷ್ಟು ಕಮ್ಮಿ ಆತು ಅನ್ನೋದರ ಮ್ಯಾಲಿಂದ ಲೆಕ್ಕ ಹಾಕಿದ್ರ ಅದು ಭೂಮಿಗಿಂತ ಸುಮಾರು ಒಂದೂವರಿ ಪಟ್ಟು ಅಗಲ. ತೂಕ ಅಳಿಲಿಕ್ಕ ಆಗಿಲ್ಲ, ಹಂಗಾಗಿ ಅದು ಕಲ್ಲಿನ ಗ್ರಹಾನೋ, ದಪ್ಪ ಗ್ಯಾಸಿನ ಉಂಡಿನೋ ಅನ್ನೋದೇ ಗ್ಯಾರಂಟಿ ಇಲ್ಲ. ನೀವು ಜೋಡಿಸಿದ ನೀಲಿ ಸಮುದ್ರದ ಫೋಟೋ ಅದ ನೋಡ್ರಿ, ಅದು ಫೋಟೋ ಅಲ್ಲ, ಕಲಾವಿದರು ಬಿಡಿಸಿದ ಚಿತ್ರ. ಹಾಕೋದಿದ್ರ ಕೆಳಗ ಹಂಗಂತ ಬರೀಲೇಬೇಕು.

ನನಗ ಬ್ಯಾಸರ ಆಗಿದ್ದು ಏನಂದ್ರ, ನಿಜವಾದ ಕಥಿ ನೀವು ಕಟ್ಟಿದ ಕಾಡು-ನದಿಗಿಂತ ಭಾಳ ರೋಚಕ ಅದ, ಅದನ್ನ ಬಿಟ್ಟೇ ಬಿಟ್ಟೀರಿ. ದೂರದ ಯಾವುದೋ ಗ್ರಹದಿಂದ ಯಾರೋ ನಮ್ಮ ಸೂರ್ಯನ್ನ ನೋಡ್ಲಿಕತ್ತಾರ ಅಂತ ಇಟ್ಕೋರಿ, ಭೂಮಿ ಅಡ್ಡ ಬಂದಾಗ ಅವರಿಗೆ ಸೂರ್ಯನ ಬೆಳಕು ಕಮ್ಮಿ ಆಗೋದು ಸುಮಾರು 12 ಸಾವಿರದಾಗ ಒಂದು ಪಾಲು, ಅದೂ ವರ್ಷಕ್ಕ ಒಂದೇ ಸಲ, ಅರ್ಧ ದಿನದಷ್ಟು ಹೊತ್ತು. ಅಷ್ಟು ಸಣ್ಣ ಫರಕು ಹಿಡೀಲಿಕ್ಕ ಕೆಪ್ಲರ್ ಟೆಲಿಸ್ಕೋಪ್ 2009ರಿಂದ ನಾಲ್ಕು ವರ್ಷ ಆಕಾಶದ ಒಂದೇ ಕಡಿ ಮುಖ ಮಾಡಿ ಒಂದೂವರಿ ಲಕ್ಷ ನಕ್ಷತ್ರ ಕಾಯ್ತು. ಇದನ್ನ ಬರೀರಿ, ನಿಧಾನಕ್ಕ ಬರೀರಿ, ಎರಡು ಪ್ಯಾರಾ ಆದ್ರೂ ನಡೀತದ.

ಆಮ್ಯಾಲ 'ವಾಸಯೋಗ್ಯ ವಲಯ' (ನಕ್ಷತ್ರದಿಂದ ಭಾಳ ಬಿಸಿನೂ ಅಲ್ಲ, ಭಾಳ ತಂಪೂ ಅಲ್ಲ, ನೀರು ನೀರಾಗೇ ಇರಬಹುದಾದಷ್ಟು ದೂರದ ಜಾಗ) ಅಂತ ಬರ್ದು, ಅದರೊಳಗ ಗ್ರಹ ಅದ ಅಂದ್ರ ಅಲ್ಲಿ ನೀರೂ ಅದ ಅಂತ ನೀವೇ ತೀರ್ಮಾನ ಮಾಡೀರಿ. ಶಹಾಬಾದ್ ಕಡಿ ನೋಡೀರಲ್ಲ, ಎರಿ ಹೊಲಕ್ಕೂ ಪಕ್ಕದ ಕಲ್ಲಿನ ಖಣಿಗೂ ಬೀಳೋದು ಒಂದೇ ಮಳಿ, ತೊಗರಿ ಬರೋದು ಮಾತ್ರ ಹೊಲದಾಗ. ಚಂದ್ರ ಸೂರ್ಯನಿಂದ ಹೆಚ್ಚುಕಮ್ಮಿ ಭೂಮಿ ಇದ್ದಷ್ಟೇ ದೂರ ಇದ್ದಾನ, ಅದೇ ವಲಯದಾಗ, ಆದ್ರ ಗಾಳಿ ಹಿಡಿದಿಡೋ ತಾಕತ್ತಿಲ್ಲದ್ದಕ್ಕ ಅಲ್ಲಿ ಹಳ್ಳ ಇಲ್ಲ ಕೆರಿ ಇಲ್ಲ.

ಅಜ್ಜ ಕೇಳಿದ್ದು ಇದನ್ನೇ ನೋಡ್ರಿ. ಮಳಿ ಆಗ್ಬೇಕಂದ್ರ ಮೊದ್ಲು ಗಾಳಿ ಇರಬೇಕು, ಮತ್ತ ಇವತ್ತು ವಿಜ್ಞಾನಿಗಳು ಬೆನ್ನು ಹತ್ತಿದ್ದೂ ಗಾಳೀನೇ. ಬ್ಯಾರೆ ನಕ್ಷತ್ರ ಸುತ್ತೋ ಗ್ರಹಗಳಾಗ ನಮಗ ಎಲ್ಲಕ್ಕಿಂತ ಹತ್ತಿರದ್ದು, ಪ್ರಾಕ್ಸಿಮಾ ನಕ್ಷತ್ರದ ಸುತ್ತಿನ ಪ್ರಾಕ್ಸಿಮಾ-ಬಿ, 2016ರಾಗ ಸಿಕ್ತು, 4.2 ಜ್ಯೋತಿರ್ವರ್ಷ ದೂರ, ಅಲ್ಲಿ ಒಂದು ವರ್ಷ ಅಂದ್ರ ನಮ್ಮ 11 ದಿನ, ಆದ್ರ ಅದರ ಕೆಂಪು ನಕ್ಷತ್ರ ಆಗಾಗ ಜೋರಾಗಿ ಸಿಡೀತದ, ಆ ಹೊಡೆತಕ್ಕ ಗಾಳಿ ಉಳಿದದೋ ಇಲ್ಲೋ ಅನ್ನೋದೇ ಚಿಂತಿ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಅನ್ನೋ ನಕ್ಷತ್ರದ ಸುತ್ತ ಏಳು ಗ್ರಹ ಅವ, ಎಲ್ಲಕ್ಕಿಂತ ಒಳಗಿಂದನ್ನ ಜೇಮ್ಸ್ ವೆಬ್ ಟೆಲಿಸ್ಕೋಪಿನಿಂದ ನೋಡಿದಾಗ ದಪ್ಪ ಗಾಳಿ ಇದ್ದ ಗುರುತು ಸಿಗಲಿಲ್ಲ, 2023ರಾಗ ಹೇಳಿದ್ರು. ಹೊರಗಿನ ಗ್ರಹಗಳ ಮ್ಯಾಲ ಗಾಳಿ ಹುಡುಕಾಟ ಇನ್ನಾ ನಡದದ.

ಕೆ2-18ಬಿ ಅನ್ನೋ ಇನ್ನೊಂದು ಗ್ರಹದ ಮ್ಯಾಲ "ಜೀವಿಗಳು ಪತ್ತೆ" ಅಂತ ದಪ್ಪ ಅಕ್ಷರದಾಗ ಹಾಕೀರಿ, ಅದನ್ನ ತೆಗೀರಿ. ಅಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಕಂಡಿದ್ದು ಖರೆ. 2025ರಾಗ ಕೇಂಬ್ರಿಡ್ಜಿನ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ ಇನ್ನೊಂದು ಗ್ಯಾಸಿನ ಸುಳಿವು ಅದ ಅಂತು, ನಮ್ಮಲ್ಲಿ ಅದು ಮುಖ್ಯವಾಗಿ ಸಮುದ್ರದ ಸಣ್ಣ ಜೀವಿಗಳಿಂದ ಬರೋದು. ಆದ್ರ ಅದೇ ಡೇಟಾ ನೋಡಿದ ಬ್ಯಾರೆ ತಂಡದವ್ರು ಅಷ್ಟು ಪುರಾವೆ ಸಾಲಂಗಿಲ್ಲ ಅಂದ್ರು. ಈ ಜಗ್ಗಾಟಾನೇ ಬರೀರಿ, ಓದೋರು ಜಾಣರದಾರ, ತಿಳ್ಕೋತಾರ.

ಕಡೀಗೆ "ಭೂಮಿ ಹಾಳಾದರೆ ಐವತ್ತು ವರ್ಷದಲ್ಲಿ ಅಲ್ಲಿಗೆ ಹೋಗಿ ನೆಲೆಸೋಣ" ಅಂದೀರಲ್ಲ, ಅದು ಪೂರ್ತಿ ಹೋಗ್ಬೇಕು. ವಾಯೇಜರ್-1 ಅನ್ನೋ ಬಾಹ್ಯಾಕಾಶ ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಓಡ್ತದ, ಆ ಸ್ಪೀಡಿನಾಗ ಪ್ರಾಕ್ಸಿಮಾದಷ್ಟು ದೂರ ಹೋಗ್ಲಿಕ್ಕ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ನಮ್ಮ ಯಾದಗಿರಿ, ಕಲಬುರಗಿ ಓದುಗರಾಗ ಗುಳೆ ಹೋಗಿ ಬಂದ ಮನಿತನ ಎಷ್ಟೋ ಅವ, ಊರು ಬಿಡೋದು ಅಂದ್ರ ಏನಂತ ಅವರಿಗೆ ಗೊತ್ತದ. ಅವರ ಮುಂದ ಹಿಂಗ ಹಗುರಾಗಿ ಬರೀಬ್ಯಾಡ್ರಿ.

ಭಾಷಿ ಬಗ್ಗೆ ಜಾಸ್ತಿ ಹೇಳಂಗಿಲ್ಲ. 'ಅನಂತ ವಿಶಾಲ ಬ್ರಹ್ಮಾಂಡದ ಗರ್ಭದಲ್ಲಿ' ಅಂಥಾವೆಲ್ಲ ಹೊಡೆದು ಹಾಕೀನಿ, ಅಜ್ಜನ ಮಾತು ಬರ್ದಂಗ ಉಳಿದದ್ದೂ ಬರೀರಿ.

ಇನ್ನೊಂದು, ನಮ್ಮವರ ಕೆಲಸಾನೂ ಸೇರಿಸ್ರಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 2018ರಾಗ, ಮೌಂಟ್ ಅಬುದಾಗಿನ ಟೆಲಿಸ್ಕೋಪಿಗೆ ಹಚ್ಚಿದ ಪಾರಸ್ ಅನ್ನೋ ಉಪಕರಣದಿಂದ, 600 ಜ್ಯೋತಿರ್ವರ್ಷ ದೂರದ ಒಂದು ಗ್ರಹದ ತೂಕ ಅಳೆದು ತೋರಿಸಿದ್ರು, ಭೂಮಿಗಿಂತ ಸುಮಾರು 27 ಪಟ್ಟು. ನೀವು ಬಿ.ಎಸ್ಸಿ. ಓದ್ಲಿಕತ್ತೀರಿ ಅಂದೀರಿ, ನಕ್ಷತ್ರ ಅಲುಗಾಡೋದು ನೋಡಿ ಗ್ರಹದ ತೂಕ ಹ್ಯಾಂಗ ಹೇಳ್ತಾರ ಅನ್ನೋದನ್ನ ನಿಮ್ಮ ಫಿಸಿಕ್ಸ್ ಸರ್ ಹತ್ರ ಕೂತು ತಿಳ್ಕೊಂಡು ಬರೀರಿ. ಬರೋ ತಿಂಗಳು 10ನೇ ತಾರೀಖಿನೊಳಗ ಕಳಿಸಿದ್ರ ಮುಂದಿನ ಸಂಚಿಕಿಗೆ ಜಾಗ ಇಟ್ಟಿರ್ತೀನಿ.