ನಡೆಯುವವರ ಪಾಲಿನ ಆರು ಅಡಿ

ಕಳೆದ ಸಂಚಿಕೆಯಲ್ಲಿ ಬೀದಿ ದೀಪಗಳ ಬಗ್ಗೆ ಉತ್ತರಿಸುವಾಗ ಫುಟ್‌ಪಾತಿನ ವಿಷಯವನ್ನು ಎರಡೇ ಸಾಲಿನಲ್ಲಿ ಮುಟ್ಟಿ ಬಿಟ್ಟಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ನೋಡಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೂವತ್ತೊಂದು ವರ್ಷ ನಗರಪಾಲಿಕೆಯೊಂದರ ರಸ್ತೆ ವಿಭಾಗದಲ್ಲಿ ಎಂಜಿನಿಯರ್ ಆಗಿ ದುಡಿದವಳು ನಾನು. ನಿವೃತ್ತಿಯಾಗಿ ಆರು ವರ್ಷವಾದರೂ ಅಳತೆ ಟೇಪು ಇನ್ನೂ ಕೈಚೀಲದಲ್ಲೇ ಇದೆ.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ. ದೇವಸ್ಥಾನ ಮನೆಯಿಂದ ಅರ್ಧ ಕಿಲೋಮೀಟರ್. ದಾರಿಯುದ್ದಕ್ಕೂ ಫುಟ್‌ಪಾತ್ ಇದೆ, ಆದರೂ ನಾನು ರಸ್ತೆಯ ಅಂಚಿನಲ್ಲೇ ನಡೆಯುತ್ತೇನೆ. “ಫುಟ್‌ಪಾತ್ ಬಿಟ್ಟು ರಸ್ತೆಗೆ ಯಾಕೆ ಇಳಿಯುತ್ತೀಯ?” ಎಂದು ಮಗ ದಿನವೂ ಗದರುತ್ತಾನೆ. ತಪ್ಪು ನನ್ನದೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಖಂಡಿತ ಅಲ್ಲ, ತಾಯಿ. ಒಂದು ಭಾನುವಾರ ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹತ್ತು ಮನೆ ದಾಟುವ ತನಕ ಫುಟ್‌ಪಾತಿನಿಂದ ಇಳಿಯಬಾರದು ಎಂದು ಷರತ್ತು ಹಾಕಿ.

ನಾನು ಕಳೆದ ತಿಂಗಳು ನಿಮ್ಮ ಬಡಾವಣೆಯಂಥದೇ ಒಂದು ಬೀದಿಯಲ್ಲಿ ಟೇಪು ಹಿಡಿದು ನಡೆದೆ. ಮೊದಲ ಮನೆಯ ಮುಂದೆ ಚಪ್ಪಡಿ ರಸ್ತೆಯಿಂದ ಇಪ್ಪತ್ತೆಂಟು ಸೆಂಟಿಮೀಟರ್ ಮೇಲಿತ್ತು. ಎರಡನೆಯ ಮನೆಯವರು ಕಾರು ಒಳಗೆ ಬಿಡಲು ಫುಟ್‌ಪಾತನ್ನೇ ಒಡೆದು ಗೇಟಿನಿಂದ ರಸ್ತೆಗೆ ಇಳಿಜಾರು ಮಾಡಿಕೊಂಡಿದ್ದರು. ಮೂರನೆಯವರದು ಕಬ್ಬಿಣದ ಬೇಲಿ ಹಾಕಿದ ಕೈತೋಟ. ನಾಲ್ಕನೆಯ ಮನೆಯ ಎದುರು ಎರಡು ಚಪ್ಪಡಿಗಳ ನಡುವೆ ಗೇಣಗಲದ ಸಂದು, ಕೆಳಗೆ ಮೋರಿಯ ನೀರು. ನೂರು ಮೀಟರ್ ನಡೆಯುವಷ್ಟರಲ್ಲಿ ಹದಿನಾಲ್ಕು ಸಲ ಹತ್ತಿ ಇಳಿದಿದ್ದೆ. ಮಂಡಿ ನೋವಿರುವವರು ಇದಕ್ಕಿಂತ ಡಾಂಬರು ರಸ್ತೆಯೇ ಮೇಲು ಎಂದುಕೊಂಡರೆ ಅದು ಹಟವಲ್ಲ, ಕಾಲಿಗೆ ಗೊತ್ತಿರುವ ವಿವೇಕ.

ನಗರದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಪಿಸಿದ ಐಆರ್‌ಸಿ 103 ಎಂಬ ಮಾರ್ಗಸೂಚಿ ಇದೆ. ಅದರ ಪ್ರಕಾರ ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಡೆಯುವ ಜಾಗ ಅಗಲದಲ್ಲಿ ಕನಿಷ್ಠ 1.8 ಮೀಟರ್, ಎತ್ತರದಲ್ಲಿ 2.2 ಮೀಟರ್ ಪೂರ್ತಿ ಖಾಲಿ ಇರಬೇಕು. 1.8 ಮೀಟರ್ ಎಂದರೆ ಹೆಚ್ಚುಕಡಿಮೆ ಆರು ಅಡಿ. ಎರಡು ಗಾಲಿಕುರ್ಚಿಗಳು ಎದುರಾದರೂ ಒಂದನ್ನೊಂದು ದಾಟಿ ಹೋಗುವಷ್ಟು. ಮನೆಗಳ ಗೇಟಿನ ಮುಂದೆಯೂ ಫುಟ್‌ಪಾತು ಅದೇ ಮಟ್ಟದಲ್ಲಿ ಮುಂದುವರಿಯಬೇಕು. ಹತ್ತಿ ಇಳಿಯುವ ಕಷ್ಟ ಕಾರಿನದು, ನಡೆಯುವವರದ್ದಲ್ಲ.

ಚಪ್ಪಡಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಊರುಗಳ ಫುಟ್‌ಪಾತುಗಳಲ್ಲಿ ಬಹುಪಾಲು ಮಳೆನೀರು ಚರಂಡಿಯ ಮುಚ್ಚಳಗಳು. ಹೂಳೆತ್ತಲು ಚಪ್ಪಡಿಯನ್ನು ಮೀಟಿ ಎಬ್ಬಿಸುತ್ತಾರೆ. ಮತ್ತೆ ಇಡುವಾಗ ಕೆಳಗೆ ಗಾರೆ ಹಾಕಿ ಕೂರಿಸುವುದಿಲ್ಲ. ಮೂರು ಮೂಲೆ ಕೂತು ಒಂದು ಮೂಲೆ ಗಾಳಿಯಲ್ಲಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕಾಲಿಟ್ಟಾಗ “ಟಕ್” ಎನ್ನುತ್ತದೆ. ನನ್ನ ಅಮ್ಮ ಬಿದ್ದದ್ದು ಅಂಥ ಒಂದು ಚಪ್ಪಡಿಯ ಮೇಲೆ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಇದ್ದ ನಾಲ್ಕು ವರ್ಷದಲ್ಲಿ ಒಮ್ಮೆಯೂ ಒಬ್ಬರೇ ಬೀದಿಗೆ ಹೋಗಲಿಲ್ಲ. ಇವತ್ತಿಗೂ ಆ “ಟಕ್” ಶಬ್ದ ಕೇಳಿದರೆ ನಾನು ನಿಂತುಬಿಡುತ್ತೇನೆ.

ಪ್ರಶ್ನೆ: ಸಂಜೆ ಕಾಲೇಜಿನಿಂದ ಬರುವಾಗ ಬೈಕುಗಳು ಫುಟ್‌ಪಾತಿನ ಮೇಲೆ ಹಾರ್ನ್ ಹೊಡೆಯುತ್ತ ಬರುತ್ತವೆ. ಅಡ್ಡ ನಿಂತು ತಡೆಯುವ ಹಕ್ಕು ನನಗಿದೆಯೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಹಕ್ಕು ನಿಮ್ಮದೇ, ಆದರೆ ಅಡ್ಡ ನಿಲ್ಲಬೇಡಿ. ಫುಟ್‌ಪಾತಿನ ಮೇಲೆ ವಾಹನ ಓಡಿಸುವುದನ್ನೂ ನಿಲ್ಲಿಸುವುದನ್ನೂ 2017ರ ಮೋಟಾರು ವಾಹನ ಚಾಲನಾ ನಿಯಮಗಳು ನಿಷೇಧಿಸಿವೆ. ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದು, ಸ್ಥಳ ಮತ್ತು ಸಮಯ ಬರೆದು ಸಂಚಾರ ಪೊಲೀಸರಿಗೆ ಕಳುಹಿಸಿ. ಗೆಳತಿಯರೆಲ್ಲ ಸೇರಿ ಒಂದೇ ಜಾಗದ ಬಗ್ಗೆ ವಾರಗಟ್ಟಲೆ ಕಳುಹಿಸಿದರೆ ಅಲ್ಲಿಗೆ ಒಬ್ಬ ಪೇದೆಯಾದರೂ ಬರುತ್ತಾರೆ. ನಿಮ್ಮ ಕೈಕಾಲು ಆ ಬೈಕಿಗಿಂತ ಬೆಲೆಯುಳ್ಳವು.

ಪ್ರಶ್ನೆ: ಒತ್ತುವರಿಯಿಲ್ಲದ ಫುಟ್‌ಪಾತ್ ನಾಗರಿಕರ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಹಾಗಿದ್ದರೂ ತಳ್ಳುಗಾಡಿಯವರನ್ನು, ಹೂವಿನವರನ್ನು ಎಬ್ಬಿಸಲು ಅಧಿಕಾರಿಗಳು ಯಾಕೆ ಹಿಂಜರಿಯುತ್ತಾರೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ನೀವು ಹೇಳುವ ಆದೇಶ 2025ರ ಮೇ 14ರದು. ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಪೀಠ ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅವರು 2019ರಲ್ಲಿ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಬೆಂಗಳೂರಿನ ರಸ್ತೆ ಗುಂಡಿಗಳ ಪ್ರಕರಣದಲ್ಲಿ ಇದೇ ದಾರಿಯಲ್ಲಿ ತೀರ್ಪು ಕೊಟ್ಟಿದ್ದರು. ಸುಸ್ಥಿತಿಯ ರಸ್ತೆ ಮತ್ತು ಫುಟ್‌ಪಾತು ಮೂಲಭೂತ ಹಕ್ಕು ಎಂಬ ಮಾತು ನಮ್ಮ ರಾಜ್ಯದವರಿಗೆ ಹೊಸದೇನಲ್ಲ.

ಆದರೆ ಬೀದಿ ವ್ಯಾಪಾರಿಯೂ ಹಕ್ಕುಳ್ಳವರೇ. ಸರಿಯಾದ ನಿಯಂತ್ರಣಕ್ಕೆ ಒಳಪಟ್ಟ ಬೀದಿ ವ್ಯಾಪಾರವನ್ನು ಇದೇ ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 2014ರಲ್ಲಿ ಕಾಯ್ದೆಯೂ ಬಂತು. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇಕಡಾ 40ರಷ್ಟು ಜನ ವ್ಯಾಪಾರಿಗಳೇ ಆಗಿರಬೇಕು, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಆ ಕಾಯ್ದೆ. ಎಬ್ಬಿಸಲು ಮುನ್ನುಗ್ಗುವ ಅಧಿಕಾರಿಗಳನ್ನು ನಾನು ಬಹಳ ನೋಡಿದ್ದೇನೆ. ಸಮೀಕ್ಷೆ ಮುಗಿಸಲು ಅಷ್ಟೇ ಉತ್ಸಾಹ ತೋರಿಸಿದವರು ಕಡಿಮೆ.

ನಮ್ಮ ಮನೆಯ ಹತ್ತಿರದ ಬಸ್ ನಿಲ್ದಾಣದ ಪಕ್ಕದಲ್ಲಿ ಒಬ್ಬಾಕೆ ಸೇವಂತಿಗೆ ಮಾಲೆ ಮಾರುತ್ತಾರೆ. ಒಂದು ದಿನ ಟೇಪು ತೆಗೆದು ಅಳೆದೆ. ಅವರ ಬುಟ್ಟಿಯಿಂದ ಅಂಚುಗಲ್ಲಿಗೆ 1.3 ಮೀಟರ್ ಇತ್ತು. “ಸ್ವಲ್ಪ ಕಾಂಪೌಂಡ್ ಕಡೆಗೆ ಸರಿಯುತ್ತೀರಾ ಅಮ್ಮ?” ಎಂದೆ. ಆಕೆ ಮೊಳ ಹಾಕುತ್ತಿದ್ದ ಮಾಲೆಯನ್ನು ಮಡಿಲಲ್ಲಿಟ್ಟುಕೊಂಡು, ಬುಟ್ಟಿ ಎಳೆದು, ಮಣೆಯನ್ನೂ ಸರಿಸಿಕೊಂಡರು. ಒಂದು ನಿಮಿಷದಲ್ಲಿ ಆರು ಅಡಿ ಸಿಕ್ಕಿತು. ಅಲ್ಲಿಂದ ಹತ್ತು ಹೆಜ್ಜೆ ಆಚೆ ಅದೇ ಫುಟ್‌ಪಾತಿನ ಮೇಲೆ ಒಂದು ಕಾರು ನಿಂತಿತ್ತು. ಅದನ್ನು ಸರಿಸಿ ಎಂದು ಯಾರನ್ನು ಕೇಳುವುದು? ಒಂದು ಕಾರು ನಿಲ್ಲಲು ಸುಮಾರು 10 ಚದರ ಮೀಟರ್ ಬೇಕು. ಅಷ್ಟರಲ್ಲಿ ಐದು ತಳ್ಳುಗಾಡಿ ನಿಲ್ಲುತ್ತವೆ, ಐದು ಮನೆಗಳ ಒಲೆ ಉರಿಯುತ್ತದೆ. ರಾತ್ರಿ ಒಂಬತ್ತಕ್ಕೆ ಬಸ್ಸಿಳಿಯುವ ಹೆಣ್ಣುಮಕ್ಕಳಿಗೆ ಆ ಹೂವಿನ ಬುಟ್ಟಿಯ ಬಳಿಯ ದೀಪವೇ ಧೈರ್ಯ. ಒತ್ತುವರಿ ತೆರವನ್ನು ಕಾರುಗಳಿಂದ ಶುರುಮಾಡಿ ಎಂಬುದು ನನ್ನ ಒತ್ತಾಯ.

ಪ್ರಶ್ನೆ: ಗಾಂಧಿ ಬಜಾರಿನಲ್ಲಿ ಆದಂತೆ ನಮ್ಮ ರಸ್ತೆಯಲ್ಲೂ ಪಾರ್ಕಿಂಗ್ ತೆಗೆದು ಫುಟ್‌ಪಾತ್ ಅಗಲ ಮಾಡುವ ಮಾತು ನಡೆದಿದೆ. ಗಿರಾಕಿಗಳು ಗಾಡಿ ನಿಲ್ಲಿಸದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ. ನಮ್ಮ ಹೊಟ್ಟೆಪಾಡು ಯಾರ ಲೆಕ್ಕದಲ್ಲಿದೆ?
– ಜವಳಿ ವ್ಯಾಪಾರಿ, ಬೆಂಗಳೂರು

ಉತ್ತರ: ನಿಮ್ಮ ಭಯ ನಿಜವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಗಾಂಧಿ ಬಜಾರಿನ ಕಾಮಗಾರಿ ಒಂದು ವರ್ಷಕ್ಕೂ ಮೀರಿ ಎಳೆಯಿತು. ಅಗೆದ ಮಣ್ಣಿನ ಗುಡ್ಡೆಯ ಆಚೆ ಅಂಗಡಿ ಇಟ್ಟುಕೊಂಡವರ ಪಾಡು ಸುಳ್ಳಲ್ಲ. ಆದ್ದರಿಂದ ನಿಮ್ಮ ಸಂಘ ಕೇಳಬೇಕಾದದ್ದು “ಬೇಡ” ಎಂದಲ್ಲ. ರಸ್ತೆಯನ್ನು ಇಡಿಯಾಗಿ ಅಗೆಯದೆ ತುಂಡು ತುಂಡಾಗಿ ಮಾಡಿ, ದಸರಾ ದೀಪಾವಳಿಯ ತಿಂಗಳುಗಳಲ್ಲಿ ಕೆಲಸ ನಿಲ್ಲಿಸಿ, ಪ್ರತಿ ತುಂಡಿಗೂ ಮುಗಿಯುವ ತಾರೀಖನ್ನು ಫಲಕದಲ್ಲಿ ಬರೆಯಿರಿ ಎಂದು ಕೇಳಿ. ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಕೆಲಸ ನೀವೇ ಮಾಡಬಹುದು. ಒಂದು ವಾರ ನಿಮ್ಮ ಗಲ್ಲಾದ ಪಕ್ಕ ಒಂದು ಪುಸ್ತಕ ಇಟ್ಟು, ಪ್ರತಿ ಗಿರಾಕಿಯನ್ನೂ ಹೇಗೆ ಬಂದಿರಿ ಎಂದು ಕೇಳಿ ಬರೆದುಕೊಳ್ಳಿ: ನಡೆದೋ, ಬಸ್ಸಿನಲ್ಲೋ, ಮೆಟ್ರೋದಲ್ಲೋ, ಸ್ವಂತ ಗಾಡಿಯಲ್ಲೋ. ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆಯ ತನಕ ನಿಂತಿರುವ ಬೈಕುಗಳು ಯಾರವು ಎಂದೂ ನೋಡಿ. ನಾನು ಸೇವೆಯಲ್ಲಿದ್ದಾಗ ಒಂದು ಬಜಾರಿನಲ್ಲಿ ಹೀಗೆ ಎಣಿಸಿದ್ದೆವು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಗಾಡಿ ಅಂಗಡಿ ಮಾಲೀಕರು ಮತ್ತು ಕೆಲಸದವರದಾಗಿದ್ದವು. ನಿಮ್ಮಲ್ಲಿ ಲೆಕ್ಕ ಬೇರೆ ಬಂದರೆ ಆ ಪುಸ್ತಕವೇ ನಿಮ್ಮ ಪರ ವಾದ ಮಾಡುತ್ತದೆ.

ಪ್ರಶ್ನೆ: ಸ್ಕೈವಾಕ್ ಕಟ್ಟಿದ್ದರೂ ಜನ ಕೆಳಗೇ ದಾಟಿ ಸಾಯುತ್ತಾರೆ. ಇದು ಶಿಸ್ತಿಲ್ಲದ ನಮ್ಮ ಜನರ ತಪ್ಪಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಾನು ಒಪ್ಪುವುದಿಲ್ಲ. ರಸ್ತೆಯ ಮೇಲೆ ಐದೂವರೆ ಮೀಟರ್ ಎತ್ತರ ಬಿಟ್ಟು ಸೇತುವೆ ಕಟ್ಟಿದರೆ ಹತ್ತಲು ಕನಿಷ್ಠ 37 ಮೆಟ್ಟಿಲು, ಇಳಿಯಲು ಮತ್ತೆ 37. ಲಿಫ್ಟ್ ಕೆಟ್ಟ ದಿನ ತರಕಾರಿ ಚೀಲ ಹಿಡಿದ ಗರ್ಭಿಣಿ ಏನು ಮಾಡಬೇಕು? ಅವಳ ಎದುರಿನ ಬಸ್ ನಿಲ್ದಾಣ ಕೆಳಗೆ ದಾಟಿದರೆ ಇಪ್ಪತ್ತು ಹೆಜ್ಜೆ.

ಸಿಗ್ನಲ್‌ನ ಹಸಿರು ದೀಪದ ಲೆಕ್ಕವನ್ನೂ ನೋಡಿ. ನಡೆಯುವವರು ಸೆಕೆಂಡಿಗೆ 1.2 ಮೀಟರ್ ಸಾಗುತ್ತಾರೆ ಎಂದು ಹಿಡಿಯುವುದು ವಾಡಿಕೆ. 18 ಮೀಟರ್ ರಸ್ತೆಗೆ 15 ಸೆಕೆಂಡ್ ಸಾಕು ಎನ್ನುತ್ತದೆ ಲೆಕ್ಕ. ಕೋಲೂರಿ ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜನಿಗೆ ಬೇಕಾದದ್ದು ಇಪ್ಪತ್ತೆರಡೂವರೆ ಸೆಕೆಂಡ್. ಉಳಿದ ಏಳೂವರೆ ಸೆಕೆಂಡ್ ಅವರು ಹೊರಡಲು ತುದಿಗಾಲಲ್ಲಿ ನಿಂತ ಬಸ್ಸು ಲಾರಿಗಳ ಮುಂದೆ ಇರುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ದಿನಕ್ಕೆ ತೊಂಬತ್ತು ಜನ. ಇಷ್ಟು ಜನರನ್ನು ಶಿಸ್ತಿಲ್ಲದವರೆಂದು ಕರೆದು ಕೈತೊಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ಪ್ರಶ್ನೆ: ನನಗೆ ದೃಷ್ಟಿ ಇಲ್ಲ. ಹೊಸ ಫುಟ್‌ಪಾತಿನಲ್ಲಿ ಹಳದಿ ಟೈಲ್ಸ್ ಹಾಕಿದ್ದಾರೆಂದು ಸಂತೋಷಪಟ್ಟು ಹೋದೆ. ಅದೇ ದಾರಿಯಲ್ಲಿ ಕಂಬಕ್ಕೆ ಹಣೆ ಬಡಿಯಿತು. ಆ ಟೈಲ್ಸ್ ನಂಬಬಹುದೇ?
– ಶಿಕ್ಷಕರು, ಮಂಗಳೂರು

ಉತ್ತರ: ನೋವಾಗುತ್ತದೆ, ಸರ್, ಇದನ್ನು ಓದಿದರೆ. ಉದ್ದ ಗೆರೆಗಳಿರುವ ಟೈಲ್ಸ್ “ಮುಂದೆ ನಡೆಯಿರಿ” ಎನ್ನುತ್ತದೆ, ಗುಂಡು ಉಬ್ಬುಗಳಿರುವುದು “ನಿಲ್ಲಿ, ಎಚ್ಚರ” ಎನ್ನುತ್ತದೆ. ಅನೇಕ ಕಡೆ ಅದನ್ನು ಹಾಸುವ ಕೆಲಸದವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿರುವುದಿಲ್ಲ. ಅಲಂಕಾರದ ಪಟ್ಟಿಯಂತೆ ನೇರ ಎಳೆಯುತ್ತಾರೆ, ಕಂಬ ಬಂದರೆ ಕಂಬದ ಸುತ್ತ ಕತ್ತರಿಸಿ ಹಾಸುತ್ತಾರೆ. ಈಗ ಅದನ್ನು ಪೂರ್ತಿ ನಂಬಬೇಡಿ ಎನ್ನಲು ನನಗೆ ಸಂಕಟವಾಗುತ್ತದೆ. ನೀವು ಒಪ್ಪಿದರೆ ನಿಮ್ಮ ಪತ್ರವನ್ನು ನಿಮ್ಮ ಊರಿನ ಪಾಲಿಕೆಗೆ ನಾನೇ ಕಳುಹಿಸುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಅದು ಉತ್ತರಿಸಲೇಬೇಕಾದ ದೂರು.

ಪ್ರಶ್ನೆ: ನಾನು ನಗರಸಭೆಯಲ್ಲಿ ಹೊಸದಾಗಿ ಸೇರಿದ ಕಿರಿಯ ಎಂಜಿನಿಯರ್. 12 ಮೀಟರ್ ಅಗಲದ ರಸ್ತೆಯ ನಕ್ಷೆ ಮಾಡಲು ಹೇಳಿದ್ದಾರೆ. ಇಷ್ಟು ಕಿರಿದಾದ ರಸ್ತೆಯಲ್ಲಿ ಫುಟ್‌ಪಾತಿಗೆ ಜಾಗ ಎಲ್ಲಿದೆ ಎಂದು ಹಿರಿಯರು ಕೇಳುತ್ತಾರೆ.
– ಎಂಜಿನಿಯರ್, ಹಾಸನ

ಉತ್ತರ: ನಿಮ್ಮ ವಯಸ್ಸಿನಲ್ಲಿ ನನಗೂ ಇದೇ ಅಳತೆಯ ರಸ್ತೆ ಕೊಟ್ಟಿದ್ದರು. ನಾನು ಮೊದಲು ಮಧ್ಯದ ಗೆರೆ ಎಳೆದೆ. ವಾಹನಗಳಿಗೆ 9 ಮೀಟರ್ ಕೊಟ್ಟೆ. ಒಂದೊಂದು ಬದಿಗೆ ಉಳಿದದ್ದು ಒಂದೂವರೆ ಮೀಟರ್. ಅದರಲ್ಲಿ ವಿದ್ಯುತ್ ಕಂಬ ಬಂತು, ಅಂಚುಗಲ್ಲು ಬಂತು, ಟೆಲಿಫೋನ್ ಪೆಟ್ಟಿಗೆ ಬಂತು. ನಡೆಯಲು ಉಳಿದದ್ದು ಅರವತ್ತು ಸೆಂಟಿಮೀಟರ್. ನಕ್ಷೆಯ ಮೇಲೆ ಅದಕ್ಕೂ “ಫುಟ್‌ಪಾತ್” ಎಂದೇ ಬರೆದು ಸಹಿ ಹಾಕಿದೆ. ಅಮ್ಮ ಬಿದ್ದದ್ದು ಆ ರಸ್ತೆಯಲ್ಲಲ್ಲ, ಆದರೆ ನಾನು ಬರೆದಂಥದೇ ನಕ್ಷೆಯ ಇನ್ನೊಂದು ರಸ್ತೆಯಲ್ಲಿ.

ನೀವು ಎರಡು ಅಂಚಿನಿಂದ ಶುರುಮಾಡಿ. ಪ್ರತಿ ಬದಿ ನಡೆಯಲು 1.8 ಮೀಟರ್. ಅದರ ಪಕ್ಕ ಕಂಬ, ಮರ, ಫಲಕಗಳಿಗೆ 0.7 ಮೀಟರ್. ಎರಡು ಬದಿ ಸೇರಿ 5 ಮೀಟರ್. ಉಳಿಯುವ 7 ಮೀಟರ್‌ನಲ್ಲಿ ಮೂರೂವರೆ ಮೀಟರಿನ ಎರಡು ಲೇನ್ ನೆಟ್ಟಗೆ ಕೂರುತ್ತವೆ, ಬಸ್ಸೂ ಓಡಾಡುತ್ತದೆ. ಹೋಗುವುದು ಒಂದೇ, ಬೀದಿಬದಿಯ ಪಾರ್ಕಿಂಗ್. ಅದಕ್ಕಾಗಿ ಜಗಳ ಬಂದೇ ಬರುತ್ತದೆ, ಸಿದ್ಧರಾಗಿರಿ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಹೊಸದಾಗಿ ರೂಪಿಸಿದ ರಸ್ತೆಗಳ ದುಬಾರಿ ಖರ್ಚಿನ ಬಗ್ಗೆ ಟೀಕೆ ಬಂದದ್ದು ನಿಮಗೆ ಗೊತ್ತಿರಬಹುದು. ನಿಮ್ಮಲ್ಲಿ ಅಷ್ಟು ಹಣ ಇರುವುದಿಲ್ಲ. ಆದರೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲೋ ರೆಸಿಡೆನ್ಸಿ ರಸ್ತೆಯಲ್ಲೋ ಒಂದು ದಿನ ನಡೆದು, ಕೇಬಲ್ಲು ಕೊಳವೆಗಳನ್ನು ಫುಟ್‌ಪಾತಿನ ಅಡಿಯಲ್ಲಿ ಹೇಗೆ ಕೂರಿಸಿದ್ದಾರೆ ಎಂದು ನೋಡಿ ಬನ್ನಿ.

ನಕ್ಷೆಯನ್ನು ಮೇಲಿನವರಿಗೆ ಕೊಡುವ ಮೊದಲು ಸುಣ್ಣದ ಪುಡಿಯಲ್ಲಿ ರಸ್ತೆಯ ಮೇಲೆ ಎಳೆಯಿರಿ. ಅದೇ ದಿನ ವಿದ್ಯುತ್ ಕಂಪನಿಯವರನ್ನು ಸ್ಥಳಕ್ಕೆ ಕರೆಯಿರಿ. ಎರಡು ಕಂಬದ ಟ್ರಾನ್ಸ್‌ಫಾರ್ಮರ್ ನಿಮ್ಮ 0.7 ಮೀಟರ್‌ನಲ್ಲಿ ಹಿಡಿಯುವುದಿಲ್ಲ. ಒಂಟಿ ಕಂಬದ ಮೇಲೆ ಕೂರುವಂಥದು ಬೆಂಗಳೂರಿನಲ್ಲಿ ಬಳಕೆಯಲ್ಲಿದೆ, ಅದನ್ನೇ ಹಾಕಿ ಎಂದು ಲಿಖಿತವಾಗಿ ಕೇಳಿ. ಮರ ಅಡ್ಡ ಬಂದರೆ ಕಡಿಯಬೇಡಿ, ಆ ಹತ್ತು ಮೀಟರ್ ಉದ್ದಕ್ಕೆ ಅಂಚುಗಲ್ಲನ್ನು ರಸ್ತೆಯ ಕಡೆಗೆ ಬಾಗಿಸಿ. ಕರಡು ಮುಗಿದಾಗ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳುಹಿಸಿ, ಟೇಪು ಹಿಡಿದು ಹಾಸನಕ್ಕೆ ಬರುತ್ತೇನೆ.